ಎಸೆದ ಮೈ, ಹಿಡಿದ ಕೈ

1

ನಮ್ಮಪ್ಪ ತಮಟೆ ಹೊಡೆಯುತ್ತಿದ್ದ. ಊರಹಬ್ಬ, ಸಾವು, ಪಂಚಾಯ್ತಿ ಸಾರೋದು ಎಲ್ಲಕ್ಕೂ ಅವನೇ. ಜಾತ್ರೆಯಲ್ಲಿ ಅವನದೊಂದು ವಿಶೇಷವಿತ್ತು. ಹೊಡೆತ ನಿಲ್ಲಿಸದೆ, ಕಾಲು ಅಗಲಿಸಿ, ಹಿಂದಕ್ಕೆ ಬಾಗುತ್ತಾ ಬಾಗುತ್ತಾ ನೆಲದ ಮೇಲಿನ ನೋಟನ್ನು ಬಾಯಲ್ಲಿ ಎತ್ತುತ್ತಿದ್ದ. ನೋಟು ಹಾಕುತ್ತಿದ್ದವರು ಊರಿನವರು. ಕೈಗೆ ಕೊಡುತ್ತಿರಲಿಲ್ಲ, ನೆಲಕ್ಕೆ ಹಾಕುತ್ತಿದ್ದರು. ಚಿಕ್ಕವರಾಗಿದ್ದಾಗ ನಾವು ಚಪ್ಪಾಳೆ ತಟ್ಟಿದವರೇ. ಹಾಸ್ಟೆಲಿಗೆ ಸೇರಿ ನಾಲ್ಕಕ್ಷರ ಕಲಿತ ಮೇಲೆ ಅದನ್ನು ನೆನೆದರೆ ಮೈಯೆಲ್ಲ ಉರಿಯುತ್ತಿತ್ತು. ನಮ್ಮ ಹಟ್ಟಿಯ ಹುಡುಗರೆಲ್ಲ ಸೇರಿ ಇನ್ನು ಮೇಲೆ ಊರಿಗೆ ತಮಟೆ ಹೊಡೆಯಕೂಡದು ಅಂತ ತೀರ್ಮಾನ ಮಾಡಿದೆವು. ಅಪ್ಪ ಏನೂ ಮಾತಾಡಲಿಲ್ಲ. ತಮಟೆ ಅಟ್ಟದ ಮೇಲೆ ಹೋಯಿತು.

ಈ ಮಾತನ್ನು ಮೊದಲಿಗೇ ಯಾಕೆ ಹೇಳುತ್ತಿದ್ದೇನೆಂದರೆ, ಟೀವಿಯಲ್ಲಿ ಕುಣಿಯುವ ಹುಡುಗ ಹುಡುಗಿಯರ ಬಗ್ಗೆ ಬರೆಯಲು ಕೂತಾಗ ನನಗೆ ಅಡ್ಡ ಬಂದದ್ದು ಇದೇ. ಕೆಲವು ವರ್ಷಗಳ ಹಿಂದೆ, ಅಣ್ಣನ ಮಗ ಮೊಬೈಲಿನಲ್ಲಿ ಮುಂಬೈನ 'ವಿ. ಅನ್‌ಬೀಟಬಲ್' ಅನ್ನುವ ತಂಡದ ಕುಣಿತ ತೋರಿಸಿದ. ಒಬ್ಬ ಹುಡುಗನನ್ನು ಆಕಾಶಕ್ಕೆ ಎಸೆಯುತ್ತಾರೆ, ಅವನು ಗಾಳಿಯಲ್ಲಿ ಒಂದು ಸುತ್ತು ತಿರುಗಿ ಕೆಳಗೆ ಬರುತ್ತಾನೆ. ನಾನು ಬಾಯಿ ಬಿಟ್ಟುಕೊಂಡು ಮೇಲೆ ಹೋದವನನ್ನೇ ನೋಡುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಅಪ್ಪ, "ಮೇಲಕ್ಕೆ ಹೋದೋನ್ನ ಎಲ್ರೂ ನೋಡ್ತಾರೆ ಕಣಪ್ಪ. ಕೆಳಗೆ ನಿಂತಿರೋರ ಕೈ ನೋಡು. ಒಂದು ಕೈಯಾದ್ರೂ ಅಲ್ಲಾಡ್ತದಾ?" ಅಂದ.

ಇದಕ್ಕಿಂತ ಒಳ್ಳೆಯ ವಿಮರ್ಶೆಯ ಮಾತನ್ನು ಈ ಕಾರ್ಯಕ್ರಮಗಳ ಯಾವ ತೀರ್ಪುಗಾರರ ಬಾಯಲ್ಲೂ ನಾನು ಕೇಳಿಲ್ಲ. ದಲಿತ ವಿಮರ್ಶೆ ಕವಿತೆಯನ್ನು ಓದಿದೆ, ಕಾದಂಬರಿಯನ್ನು ಓದಿದೆ, ಆತ್ಮಕಥೆಯನ್ನು ಓದಿದೆ. ಆದರೆ ನಮ್ಮ ಹಟ್ಟಿಗಳ ಮಕ್ಕಳು ದಿನಾ ನೋಡಿ ಕಲಿಯುತ್ತಿರುವ ಈ ಕುಣಿತವನ್ನು ಓದಿಲ್ಲ. ಮಾರುಕಟ್ಟೆಯ ಸರಕು ಎಂದು ಒಂದೇ ಮಾತಲ್ಲಿ ತಳ್ಳಿ ಹಾಕಿದ್ದೇವೆ. ಸರಕು ನಿಜ. ಆದರೆ ಆ ಸರಕಿನೊಳಗೆ ಬೆವರುತ್ತಿರುವ ಮೈ ಯಾರದು?

2

ಈ ಸ್ಪರ್ಧೆಗಳ ಚರಿತ್ರೆ ದೊಡ್ಡದೇನಲ್ಲ. 1996ರಲ್ಲಿ ಸೋನಿ ಟೀವಿಯಲ್ಲಿ 'ಬೂಗಿ ವೂಗಿ' ಶುರುವಾಯಿತು. 2009ರಲ್ಲಿ ಜೀ ಟೀವಿಯ 'ಡ್ಯಾನ್ಸ್ ಇಂಡಿಯಾ ಡ್ಯಾನ್ಸ್' ಬಂತು. ಅದರ ಮೊದಲ ಗೆಲುವು ನಮ್ಮ ಬೆಂಗಳೂರಿನ ಹುಡುಗ ಸಲ್ಮಾನ್ ಯೂಸುಫ್ ಖಾನ್‌ಗೆ ದಕ್ಕಿತು. 2015ರಲ್ಲಿ ಸ್ಟಾರ್ ಪ್ಲಸ್‌ನ 'ಡ್ಯಾನ್ಸ್ ಪ್ಲಸ್'. ಕನ್ನಡದಲ್ಲಿ 'ಡ್ಯಾನ್ಸ್ ಕರ್ನಾಟಕ ಡ್ಯಾನ್ಸ್' ಮತ್ತು ಅದರ ಹಿಂದೆ ಮುಂದೆ ಬಂದ ಹಲವು.

ಇವುಗಳಿಗಿಂತ ಮುಂಚೆ ನಮ್ಮ ದೇಶದಲ್ಲಿ 'ನೃತ್ಯ' ಅನ್ನುವ ಗೌರವದ ಹೆಸರು ಯಾವುದಕ್ಕೆ ಇತ್ತು? ದೇವದಾಸಿಯರ ಮನೆತನಗಳು ತಲೆತಲಾಂತರ ಕಾಪಾಡಿಕೊಂಡು ಬಂದ ಸದಿರು ಎಂಬ ಕುಣಿತವನ್ನು ರುಕ್ಮಿಣಿದೇವಿ 1935ರಲ್ಲಿ ರಂಗದ ಮೇಲೆ ಆಡಿದರು, 1936ರಲ್ಲಿ ಕಲಾಕ್ಷೇತ್ರ ಹುಟ್ಟಿತು, ಅದು ಭರತನಾಟ್ಯವಾಗಿ ಶುದ್ಧವಾಯಿತು. 1947ರಲ್ಲಿ ಮದರಾಸಿನ ಕಾನೂನು ದೇವದಾಸಿ ಪದ್ಧತಿಯನ್ನು ನಿಷೇಧಿಸಿತು. ನಿಷೇಧ ಆಗಬೇಕಾದದ್ದೇ, ಆ ಬಗ್ಗೆ ನನಗೆ ತಕರಾರಿಲ್ಲ. ಆದರೆ ಒಟ್ಟಿನಲ್ಲಿ ಆದದ್ದೇನು ನೋಡಿ. ಕಲೆ ಅಗ್ರಹಾರಕ್ಕೆ ಹೋಯಿತು, ಕಳಂಕ ಕೇರಿಯಲ್ಲೇ ಉಳಿಯಿತು. ಕುಣಿತ ಕಲಿಯಬೇಕೆಂದರೆ ಗುರುವಿನ ಮನೆ, ರೇಷ್ಮೆ ಸೀರೆ, ರಂಗಪ್ರವೇಶದ ಖರ್ಚು. ನಮ್ಮ ಹುಡುಗಿಯರು ಆ ಬಾಗಿಲ ತನಕವೂ ಹೋಗಲಿಲ್ಲ.

ಟೀವಿ ಸ್ಪರ್ಧೆ ಆ ಬಾಗಿಲನ್ನು ಒಡೆಯಿತು ಅನ್ನಲಾರೆ. ಪಕ್ಕದಲ್ಲಿ ಇನ್ನೊಂದು ಬಾಗಿಲು ತೆಗೆಯಿತು. ಇಲ್ಲಿ ಯಾವ ಗುರುವಿನ ಶಿಷ್ಯ ಎಂದು ಮೊದಲು ಕೇಳುವುದಿಲ್ಲ, ಏನು ಮಾಡ್ತೀಯಾ ತೋರಿಸು ಎಂದು ಕೇಳುತ್ತಾರೆ. ಹಿಪ್‌ಹಾಪ್ 1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯಲ್ಲಿ ಕಪ್ಪು ಹುಡುಗರು, ಪೋರ್ಟೊ ರಿಕೊ ಮೂಲದ ಹುಡುಗರು ಬೀದಿಯಲ್ಲಿ ಕಟ್ಟಿದ ಕುಣಿತ. ಅದಕ್ಕೆ ಶಾಸ್ತ್ರವಿಲ್ಲ ಎಂದಲ್ಲ, ಅದರ ಶಾಸ್ತ್ರ ಯಾರ ಮನೆಯ ಪೆಟ್ಟಿಗೆಯಲ್ಲೂ ಇಲ್ಲ. 1972ರಲ್ಲಿ ಮುಂಬೈನ ದಲಿತ ತರುಣರು ಅಮೆರಿಕದ ಬ್ಲ್ಯಾಕ್ ಪ್ಯಾಂಥರರಿಂದ ಹೆಸರನ್ನು ತಂದರು. ಆ ಹೆಸರು ಓದಿನಿಂದ ಬಂತು. ಮುಂದೆ ಅದೇ ಊರಿನ ಜೋಪಡಿಗಳಿಗೆ ಅದೇ ಕಪ್ಪು ಜನರ ಕುಣಿತ ಟೀವಿಯಿಂದ ಬಂತು. ಮೊದಲನೆಯದರ ಬಗ್ಗೆ ನಾವು ಪುಸ್ತಕ ಬರೆದೆವು. ಎರಡನೆಯದನ್ನು ಗಮನಿಸಲೇ ಇಲ್ಲ.

3

ನನಗೆ ಹಿಡಿಸಿದ ಕುಣಿತಗಳಲ್ಲಿ ಮೊದಲನೆಯದು ಒಡಿಶಾದ ಬರ್ಹಂಪುರದ 'ಪ್ರಿನ್ಸ್ ಡ್ಯಾನ್ಸ್ ಗ್ರೂಪ್' 2009ರಲ್ಲಿ ಆಡಿದ್ದು. 'ಇಂಡಿಯಾಸ್ ಗಾಟ್ ಟ್ಯಾಲೆಂಟ್' ಬರೀ ಕುಣಿತದ ಸ್ಪರ್ಧೆಯಲ್ಲ, ಎಲ್ಲ ಬಗೆಯ ಪ್ರತಿಭೆಯದು. ಅದರ ಮೊದಲ ವರ್ಷವೇ ಈ ಕುಣಿತದ ತಂಡ ಗೆದ್ದಿತು. ಅದರಲ್ಲಿದ್ದವರಲ್ಲಿ ಹೆಚ್ಚಿನವರು ಕಟ್ಟಡ ಕೆಲಸದ ದಿನಗೂಲಿಗಳು. ಇಬ್ಬರು ಅಂಗವಿಕಲರು. ಮೈಗೆಲ್ಲ ಬೆಳ್ಳಿಬಣ್ಣ ಬಳಿದುಕೊಂಡು, ಒಬ್ಬರ ಮೇಲೊಬ್ಬರು ನಿಂತು, ಕೂತು, ಮಲಗಿ ದೇವರುಗಳ ಆಕಾರ ಕಟ್ಟಿದರು. ಒಂದು ಮೈ ಇನ್ನೊಂದಕ್ಕೆ ಕೈಯಾಗುತ್ತದೆ, ಮತ್ತೊಂದಕ್ಕೆ ಪೀಠವಾಗುತ್ತದೆ. ಬಣ್ಣದ ಒಳಗೆ ಯಾರ ಕಾಲು ಎಲ್ಲಿದೆ, ಯಾರಿಗೆ ಕಾಲಿಲ್ಲ ಎಂಬುದೇ ಗೊತ್ತಾಗುವುದಿಲ್ಲ.

ಗಾರೆ ಕೆಲಸ ಮಾಡಿದವರಿಗೆ ಇದು ಹೊಸದಲ್ಲ. ಸಾರುವೆ ಮೇಲೆ ಸಾಲಾಗಿ ನಿಂತು ಬಾಂಡ್ಲಿ ಕೈಯಿಂದ ಕೈಗೆ ದಾಟಿಸುವಾಗ ಯಾರ ಹೆಜ್ಜೆ ತಪ್ಪಿದರೂ ಮೇಲಿರುವವನ ತಲೆ ಒಡೆಯುತ್ತದೆ. ಆ ಲೆಕ್ಕವೇ ವೇದಿಕೆಗೆ ಬಂದಿದೆ. ತೀರ್ಪುಗಾರರು ಇದನ್ನು ಕಲ್ಪನಾಶಕ್ತಿ ಎಂದರು. ನಾನು ಇದನ್ನು ದುಡಿಮೆಯ ಜ್ಞಾನ ಎನ್ನುತ್ತೇನೆ.

ಆದರೆ ಒಂದು ಮುಳ್ಳು ಉಳಿಯುತ್ತದೆ. ಕೂಲಿಯವರು ಕಣ್ಣಿಗೆ ಬೀಳಬೇಕಾದರೆ ದೇವರಾಗಬೇಕಾಯಿತು. ಅವರ ಸ್ವಂತ ಬಣ್ಣವನ್ನು ಬೆಳ್ಳಿ ಮುಚ್ಚಿತು. ಸಿಮೆಂಟು ಮೆತ್ತಿದ ಮೈಯಲ್ಲೇ ಬಂದು ಒಂದು ಕಟ್ಟಡ ಕಟ್ಟುವ ಕುಣಿತ ಆಡಿದ್ದರೆ ದೇಶ ಅಷ್ಟು ಕೈ ತಟ್ಟುತ್ತಿತ್ತೇ? ಇದಕ್ಕೆ ಉತ್ತರವಾಗಿ ಗೆಳೆಯನೊಬ್ಬ, "ಅಲ್ಲಯ್ಯ, ಗುಡಿ ಕಟ್ಟಿದೋರು ನಾವು, ಗುಡಿ ಒಳಗೆ ಬಿಡದೆ ಹೋದೋರು ಅವರು. ಈಗ ಆ ದೇವರೇ ನಮ್ಮ ಮೈಯಿಂದ ಎದ್ದು ಬಂದರೆ ಅದು ಸೋಲು ಹೆಂಗಾಗ್ತದೆ?" ಎಂದು ಕೇಳಿದ. ಅವನ ಮಾತಲ್ಲೂ ಹುರುಳಿದೆ. ಎರಡೂ ನಿಜವಾಗಿರುವುದೇ ಈ ಕುಣಿತದ ಬಲ.

4

ಎರಡನೆಯದು ಒಂದೇ ಕುಣಿತ ಅಲ್ಲ, ಒಬ್ಬ ಕುಣಿಯುವವ. 'ಡ್ಯಾನ್ಸ್ ಇಂಡಿಯಾ ಡ್ಯಾನ್ಸ್'ನ ಎರಡನೇ ಸರಣಿ 2010ರಲ್ಲಿ ಮುಗಿಯಿತು. ಗೆದ್ದವರು ಶಕ್ತಿ ಮೋಹನ್. ಆದರೆ ನಮ್ಮ ಹಾಸ್ಟೆಲು ಹುಡುಗರೆಲ್ಲ ಮರುದಿನ ಅಭ್ಯಾಸ ಮಾಡಿದ್ದು ವಡೋದರಾದ ಧರ್ಮೇಶ್ ಯೆಲಾಂಡೆಯ ಹೆಜ್ಜೆಗಳನ್ನು. ತಂದೆಯದು ಚಹಾದ ಅಂಗಡಿ, ತಾನು ಪ್ಯೂನ್ ಕೆಲಸ ಮಾಡಿದ್ದೆ, ವಡಾಪಾವ್ ಮಾರಿದ್ದೆ ಎಂದು ಆತನೇ ಹೇಳಿಕೊಂಡಿದ್ದಾನೆ.

ಆತನ ಕುಣಿತದಲ್ಲಿ ನನಗೆ ಮೆಚ್ಚುಗೆಯಾದದ್ದು ನಗು. ಈ ಕಾರ್ಯಕ್ರಮಗಳಲ್ಲಿ ಕುಣಿಯುವ ಮೊದಲು ಒಂದು ಸಣ್ಣ ಚಿತ್ರ ತೋರಿಸುತ್ತಾರೆ. ಸೋರುವ ಮನೆ, ಅಳುವ ತಾಯಿ, ಹಿನ್ನೆಲೆಯಲ್ಲಿ ಪಿಟೀಲು. ನಮ್ಮ ಬಡತನ ಅಲ್ಲಿ ಟಿಕೆಟ್ಟಿನ ಥರ. ಅದನ್ನು ಹರಿದು ಕೊಟ್ಟ ಮೇಲೇ ಒಳಗೆ ಬಿಡುವುದು. ಧರ್ಮೇಶ್ ಕುಣಿಯಲು ನಿಂತರೆ ಈ ಅಳು ಕರಗಿಹೋಗುತ್ತಿತ್ತು. ಮೈಯ ಒಂದೊಂದು ಕೀಲನ್ನೂ ಬೇರೆ ಬೇರೆಯಾಗಿ ಅಲ್ಲಾಡಿಸುತ್ತಾ, ಜನ ಚಪ್ಪಾಳೆ ತಟ್ಟಬೇಕೆನ್ನುವಷ್ಟರಲ್ಲಿ ಒಂದು ತಮಾಷೆ ಮಾಡಿ ನಗಿಸುತ್ತಿದ್ದ. ನನ್ನನ್ನು ನೋಡಿ ಮರುಗಬೇಡಿ, ಬೇಕಾದರೆ ನಗಿ ಅನ್ನುವ ನಿಲುವು ಅದು. ನಮ್ಮ ಹಟ್ಟಿಗಳ ನಗೆಯನ್ನು ನಮ್ಮ ಸಾಹಿತ್ಯವೇ ಸರಿಯಾಗಿ ಬರೆದಿಲ್ಲ. ಹಸಿವನ್ನು ಬರೆದಷ್ಟು ನಗುವನ್ನು ಬರೆದಿಲ್ಲ. ಓದುಗರಿಗೆ ನಮ್ಮಿಂದ ಬೇಕಾದದ್ದೂ ಹಸಿವೇ ಇರಬಹುದು. ಹಾಗೆ ನೋಡಿದರೆ ಟೀವಿಯವರ ಪಿಟೀಲಿಗೂ ನಮ್ಮ ಸಾಹಿತ್ಯದ ಓದುಗರಿಗೂ ಬಹಳ ದೂರವಿಲ್ಲ.

5

ಇನ್ನು ವಿ. ಅನ್‌ಬೀಟಬಲ್. ಇವರು 'ಡ್ಯಾನ್ಸ್ ಪ್ಲಸ್'ನ ನಾಲ್ಕನೇ ಸರಣಿಯಲ್ಲಿ ಆಡಿ, 2019ರಲ್ಲಿ ಅಮೆರಿಕದ 'ಅಮೆರಿಕಾಸ್ ಗಾಟ್ ಟ್ಯಾಲೆಂಟ್'ಗೆ ಹೋಗಿ ನಾಲ್ಕನೆಯವರಾದರು. 2020ರಲ್ಲಿ ಅದೇ ಸ್ಪರ್ಧೆಯ 'ಚಾಂಪಿಯನ್ಸ್' ಸರಣಿಯನ್ನು ಗೆದ್ದರು. ಮುಂಬೈನದೇ ಇನ್ನೊಂದು ತಂಡ 'ಕಿಂಗ್ಸ್ ಯುನೈಟೆಡ್' 2019ರಲ್ಲಿ 'ವರ್ಲ್ಡ್ ಆಫ್ ಡ್ಯಾನ್ಸ್' ಎಂಬ ಸ್ಪರ್ಧೆಯ ಕೊನೆಯ ಸುತ್ತಿನಲ್ಲಿ ನೂರಕ್ಕೆ ನೂರು ಅಂಕ ತೆಗೆದು ಹತ್ತು ಲಕ್ಷ ಡಾಲರ್ ಗೆದ್ದಿತು. ಗೆಲುವಿನ ಲೆಕ್ಕ ಇಷ್ಟು ಸಾಕು.

2019ರಲ್ಲಿ ವಿ. ಅನ್‌ಬೀಟಬಲ್ ಅಮೆರಿಕದಲ್ಲಿ ಮೊದಲು ಆಡಿದ್ದು 2015ರ 'ಬಾಜಿರಾವ್ ಮಸ್ತಾನಿ' ಸಿನಿಮಾದ 'ಮಲ್ಹಾರಿ' ಹಾಡಿಗೆ. ಮಲ್ಹಾರಿ ಅಂದರೆ ಯಾರು? ಮರಾಠಿಗರ ಖಂಡೋಬ, ನಮ್ಮ ಮೈಲಾರ. ಕುರುಬರು, ಬೇಡರು, ಹೊಲೆಮಾದಿಗರು, ಗೊರವರು ಎಲ್ಲರೂ ಭಂಡಾರ ಹಚ್ಚಿಕೊಂಡು ಕುಣಿದ ದೇವರು. ಸಿನಿಮಾ ಆ ಹೆಸರನ್ನು ತೆಗೆದುಕೊಂಡು ಪೇಶ್ವೆಯ ವಿಜಯದ ಕುಣಿತಕ್ಕೆ ಇಟ್ಟಿತು. ಪೇಶ್ವೆಗಳ ಆಳ್ವಿಕೆಯಲ್ಲಿ ಅಸ್ಪೃಶ್ಯರು ಸೊಂಟಕ್ಕೆ ಪೊರಕೆ, ಕೊರಳಿಗೆ ಗಡಿಗೆ ಕಟ್ಟಿಕೊಂಡು ನಡೆಯಬೇಕಿತ್ತೆಂದು ಬಾಬಾಸಾಹೇಬರು 1936ರ 'ಜಾತಿ ವಿನಾಶ' ಭಾಷಣದಲ್ಲಿ ಬರೆದಿದ್ದಾರೆ. 1818ರ ಜನವರಿ ಒಂದರಂದು ಕೋರೆಗಾಂವ್‌ನಲ್ಲಿ ಪೇಶ್ವೆಯ ಸೈನ್ಯದ ಎದುರು ನಿಂತವರಲ್ಲಿ ಮಹಾರ್ ಸೈನಿಕರಿದ್ದರು. 1927ರಲ್ಲಿ ಬಾಬಾಸಾಹೇಬರು ಅಲ್ಲಿಗೆ ಹೋಗಿ ಬಂದರು.

ಈ ಹಿನ್ನೆಲೆ ಇಟ್ಟುಕೊಂಡು ಆ ಕುಣಿತ ನೋಡಿ. ಮುಂಬೈನ ಕೊಳೆಗೇರಿಯಿಂದ ಬಂದೆವು, ಒಂದೇ ಕೋಣೆಯಲ್ಲಿ ಏಳೆಂಟು ಜನ ಮಲಗುತ್ತೇವೆ ಎಂದು ಹೇಳಿದ ಹುಡುಗರು ಪೇಶ್ವೆಯ ಹಾಡಿಗೆ ಕುಣಿಯುತ್ತಿದ್ದಾರೆ. ಹುಡುಗರಿಗೆ ಈ ಚರಿತ್ರೆ ಗೊತ್ತಿತ್ತೋ ಇಲ್ಲವೋ, ಅದು ಮುಖ್ಯವಲ್ಲ. ಡಿ.ಆರ್. ನಾಗರಾಜ್ ಸಾಂಸ್ಕೃತಿಕ ವಿಸ್ಮೃತಿ ಎಂದು ಕರೆದದ್ದು ಇಂಥದ್ದನ್ನೇ ಅಂತ ಹೇಳಿ ಸುಮ್ಮನಾಗಬಹುದಿತ್ತು. ಆದರೆ ಮೈ ಮರೆಯುವುದಿಲ್ಲ. ಸಿನಿಮಾದಲ್ಲಿ ಒಬ್ಬ ನಾಯಕ ನಡುವೆ ಕುಣಿಯುತ್ತಾನೆ, ಸೈನಿಕರು ಸುತ್ತ ಕುಣಿಯುತ್ತಾರೆ. ಅವನು ಪೇಶ್ವೆ, ಅವರು ಅವನ ಹಿನ್ನೆಲೆ. ಈ ಹುಡುಗರ ಕುಣಿತದಲ್ಲಿ ಪೇಶ್ವೆಯೇ ಇಲ್ಲ. ನಡುವಿನ ಜಾಗ ಒಬ್ಬನಿಗೆ ಮೀಸಲಲ್ಲ. ಒಂದು ಕ್ಷಣ ಮೇಲೆ ಹಾರಿದವನು ಮರುಕ್ಷಣ ಕೆಳಗೆ ನಿಂತು ಇನ್ನೊಬ್ಬನನ್ನು ಹಿಡಿಯುತ್ತಾನೆ. ಹಾಡು ಸಿನಿಮಾದ್ದು, ಕಟ್ಟಿದ ರೀತಿ ಹುಡುಗರದು. ನನ್ನ ಪಾಲಿಗೆ ಮೈಲಾರ ಆ ಹೊತ್ತಿಗೆ ಅರಮನೆ ಬಿಟ್ಟು ಬೀದಿಗೆ ವಾಪಸು ಬಂದ.

ಈ ಕುಣಿತದ ಮೂಲಧಾತು ಬೀಳುವುದು. ಶಾಸ್ತ್ರೀಯ ನೃತ್ಯ ನೆಲವನ್ನು ತಟ್ಟುತ್ತದೆ, ಬ್ಯಾಲೆ ನೆಲವನ್ನು ಬಿಟ್ಟು ಏಳುತ್ತದೆ. ಇವರು ಬೀಳುತ್ತಾರೆ. ಬೆನ್ನು ಹಿಂದಕ್ಕೆ ಮಾಡಿ, ಕಣ್ಣಿಗೆ ಕಾಣದ ಕೈಗಳನ್ನು ನಂಬಿ ಬೀಳುತ್ತಾರೆ. ಇದು ಬರೀ ಸಾಹಸ ಪ್ರದರ್ಶನ ಅಂದುಕೊಂಡವರು ಆ ತಂಡದ ಹೆಸರಿನ ಮೊದಲ ಅಕ್ಷರವನ್ನು ನೆನೆಯಬೇಕು. 'ವಿ' ಅಂದರೆ ವಿಕಾಸ್. ತಂಡ ಕಟ್ಟಿದವರಲ್ಲಿ ಒಬ್ಬ. ಅಭ್ಯಾಸದ ವೇಳೆ ಆದ ಅಪಘಾತದಲ್ಲಿ ಅವನ ಮೈ ಸ್ವಾಧೀನ ತಪ್ಪಿತು, ಕೆಲವೇ ವಾರಗಳಲ್ಲಿ ತೀರಿಕೊಂಡ. ಅವನ ಗೆಳೆಯರು ಬೀಳುವ ಕುಣಿತವನ್ನು ಬಿಡಲಿಲ್ಲ, ಅವನ ಹೆಸರನ್ನು ತಮ್ಮ ಹೆಸರಿಗೆ ಸೇರಿಸಿಕೊಂಡರು.

ಅಮೆರಿಕದ ವೇದಿಕೆಯಲ್ಲಿ ಈ ಕತೆ ಹೇಳಿದಾಗ ಜನ ಅತ್ತರು. ಅತಿಥಿಯಾಗಿ ಬಂದಿದ್ದ ಬಾಸ್ಕೆಟ್‌ಬಾಲ್ ಆಟಗಾರ ಡ್ವೇನ್ ವೇಡ್ ಅವರಿಗಾಗಿ ಬಂಗಾರದ ಗುಂಡಿ ಒತ್ತಿದರು, ಬಂಗಾರದ ಬಣ್ಣದ ಕಾಗದದ ಚೂರುಗಳು ಮಳೆಯ ಹಾಗೆ ಸುರಿದವು. ಎದೆ ತುಂಬಿ ಬರುವ ಗಳಿಗೆಯೇ. ಆದರೆ ವಿಮರ್ಶಕನಾದವನು ಕಣ್ಣೊರೆಸಿಕೊಂಡ ಮೇಲೆ ಒಂದು ಪ್ರಶ್ನೆ ಕೇಳಬೇಕು. ಆ ಹುಡುಗ ಬಿದ್ದಾಗ ಕೆಳಗೆ ದಪ್ಪನೆಯ ಚಾಪೆ ಇತ್ತೆ? ಹಿಡಿಯುವುದನ್ನು ಕಲಿಸುವ ತರಬೇತುದಾರ ಇದ್ದನೆ? ಕೊಳೆಗೇರಿಯ ಹುಡುಗರ ಧೈರ್ಯ ಎಂದು ಕೊಂಡಾಡುವುದು ಅನೇಕ ಸಲ ಅವರಿಗೆ ಸಿಗಬೇಕಾದ ಚಾಪೆಯ ಖರ್ಚನ್ನು ಉಳಿಸುವ ಮಾತು. ಮ್ಯಾನ್‌ಹೋಲಿಗೆ ಇಳಿಯುವವನ ಧೈರ್ಯವನ್ನೂ ನಾವು ಹೀಗೆಯೇ ಹೊಗಳಿದ್ದೇವೆ.

6

ತೀರ್ಪುಗಾರರ ಭಾಷೆಯ ಬಗ್ಗೆ ಎರಡು ಮಾತು. ನಗರದ ಡ್ಯಾನ್ಸ್ ಶಾಲೆಯಲ್ಲಿ ಕಲಿತು ಬಂದವರಿಗೆ 'ಗ್ರೇಸ್' ಇರುತ್ತದೆ, 'ಟೆಕ್ನಿಕ್' ಇರುತ್ತದೆ. ನಮ್ಮಂಥವರ ಮಕ್ಕಳಿಗೆ 'ಎನರ್ಜಿ' ಇರುತ್ತದೆ, ಅವರು 'ರಾ' ಆಗಿರುತ್ತಾರೆ. ಅಂದರೆ ಹಸಿ, ಇನ್ನೂ ಬೇಯದ್ದು. ಹತ್ತು ವರ್ಷ ಬೀದಿಯಲ್ಲಿ ಬಿದ್ದು ಎದ್ದು ಕಲಿತದ್ದು ಕಲಿಕೆಯಲ್ಲ, ಹುಟ್ಟುಗುಣ! ದಲಿತ ಕವಿತೆಗೂ ಮೊದಮೊದಲು ಇದೇ ಸರ್ಟಿಫಿಕೇಟು ಸಿಕ್ಕಿತ್ತು. ಆಕ್ರೋಶ ಇದೆ, ಕಲೆಗಾರಿಕೆ ಸಾಲದು ಎಂದು. ಪದ ಬದಲಾಗಿದೆ, ಪಂಕ್ತಿ ಬದಲಾಗಿಲ್ಲ.

ಇನ್ನೊಂದು, ಟೀವಿಗೆ 'ಬಡವ' ಅನ್ನುವ ಪದ ಬರುತ್ತದೆ, 'ಸ್ಲಂ' ಅನ್ನುವ ಪದವಂತೂ ಬಾಯಿ ತುಂಬ ಬರುತ್ತದೆ. 'ಜಾತಿ' ಅನ್ನುವ ಪದ ಬರುವುದೇ ಇಲ್ಲ. ಈ ಹುಡುಗರ ಜಾತಿ ಕೇಳುವುದು ನನ್ನ ಕೆಲಸವಲ್ಲ, ಅವರಿಗೆ ಹೇಳುವ ಬಾಧ್ಯತೆಯೂ ಇಲ್ಲ. ನಾನು ಹೇಳುವುದು ಇಷ್ಟೆ: ಬಡತನವನ್ನು ಗೆದ್ದ ಕತೆ ಟೀವಿಗೆ ಬೇಕು, ಯಾಕೆಂದರೆ ಬಹುಮಾನದ ಹಣದಿಂದ ಅದು ಮುಗಿಯುತ್ತದೆ. ಜಾತಿಯ ಕತೆ ಚೆಕ್ಕು ಕೊಟ್ಟರೆ ಮುಗಿಯುವುದಿಲ್ಲ. ಅದಕ್ಕೇ ಬೇಡ. ಆದರೂ ಒಳಗಿರುವುದು ಕೆಲವು ಸಲ ತಾನಾಗಿ ಹೊರಗೆ ಬರುತ್ತದೆ. 2021ರಲ್ಲಿ 'ಡ್ಯಾನ್ಸ್ ದೀವಾನೆ' ಕಾರ್ಯಕ್ರಮದಲ್ಲಿ ಅಸ್ಸಾಮಿನ ಒಬ್ಬ ಪುಟ್ಟ ಹುಡುಗಿಯನ್ನು ನಿರೂಪಕ ಚೀನೀ ಭಾಷೆಯಂತೆ ಏನೇನೋ ಸದ್ದು ಮಾಡಿ ವೇದಿಕೆಗೆ ಕರೆದ. ಅಸ್ಸಾಮಿನ ಮುಖ್ಯಮಂತ್ರಿಯೇ ಖಂಡಿಸಬೇಕಾಯಿತು. ಮಗುವಿನ ಕುಣಿತಕ್ಕಿಂತ ಮೊದಲು ಆ ವೇದಿಕೆ ನೋಡಿದ್ದು ಮಗುವಿನ ಮುಖವನ್ನು.

7

ಈಗ ಹುಡುಗಿಯರ ಮಾತು. ನಾನು ಮೆಚ್ಚಿದ ಕುಣಿತಗಳನ್ನೆಲ್ಲ ಎಣಿಸಿದರೆ ಗಂಡುಹುಡುಗರೇ ಹೆಚ್ಚು. ಇದು ನನ್ನ ಕಣ್ಣಿನ ದೋಷವೂ ಇರಬಹುದು, ಆದರೆ ಪೂರ್ತಿ ಅಷ್ಟೇ ಅಲ್ಲ. ನಮ್ಮ ಹಟ್ಟಿಯ ಒಬ್ಬ ಹುಡುಗಿ ಚೆನ್ನಾಗಿ ಕುಣಿಯುತ್ತಾಳೆ. ಆಡಿಷನ್ನಿಗೆ ಕಳಿಸಿ ಅಂತ ಅವಳ ಅಪ್ಪನಿಗೆ ಹೇಳಲು ಹೋದೆ. ಸಂಘಟನೆಯಲ್ಲಿ ನಮಗಿಂತ ಮೊದಲು ಓಡಾಡಿದ ಮನುಷ್ಯ. "ನಮ್ಮೋರು ಕುಣಿದಿದ್ದು ಸಾಕು ಕಣಣ್ಣ. ಅವಳು ಓದ್ಲಿ" ಅಂದ.

ಇದಕ್ಕೆ ನಾನು ಸಿಟ್ಟು ಮಾಡಿಕೊಳ್ಳಲಾರೆ. ಕರ್ನಾಟಕದಲ್ಲಿ ದೇವದಾಸಿ ಬಿಡುವುದನ್ನು ನಿಷೇಧಿಸುವ ಕಾನೂನು ಬಂದದ್ದು 1982ರಲ್ಲಿ. ಮಹಾರಾಷ್ಟ್ರದ ತಮಾಶಾ ಕುಣಿದ ದಲಿತ ಹೆಂಗಸರ ಬಾಳನ್ನು ಕುರಿತು ಶೈಲಜಾ ಪೈಕ್ 2022ರಲ್ಲಿ ಒಂದು ದೊಡ್ಡ ಪುಸ್ತಕ ಬರೆದಿದ್ದಾರೆ. ಅಶ್ಲೀಲ ಎಂಬ ಹಣೆಪಟ್ಟಿ ಕುಣಿತದಿಂದ ಬರಲಿಲ್ಲ, ಕುಣಿಯುವವರ ಜಾತಿಯಿಂದ ಬಂತು ಎಂಬುದು ಅದನ್ನು ಓದಿದವರಿಗೆ ತಿಳಿಯುತ್ತದೆ. ನಮ್ಮ ಹೆಣ್ಣು ಕುಣಿದರೆ ಅದು ಕಲೆಯಾಗುವ ಮೊದಲು ಕಸುಬಾಗಿತ್ತು, ಕಸುಬಾಗುವ ಮೊದಲು ಊರಿನವರ ಹಕ್ಕಾಗಿತ್ತು. ಆ ನೆನಪು ಇರುವ ತಂದೆ ಬೇಡ ಅನ್ನುತ್ತಾನೆ. 1927ರ ಮಹಾಡ್‌ನಿಂದ ನಮಗೆ ಬಂದ ಪಾಠವೂ ಇದೇ. ಹೀನಾಯದ ಕೆಲಸಗಳನ್ನು ಬಿಡಿ, ತಲೆಯೆತ್ತಿ ನಡೆಯಿರಿ ಎಂದು. ತಮಟೆಯನ್ನು ಅಟ್ಟದ ಮೇಲೆ ಇಟ್ಟ ನಾವೂ ಅದನ್ನೇ ಮಾಡಿದೆವು.

ಆದರೆ ಬಿಟ್ಟದ್ದೇನು, ಉಳಿಸಿಕೊಳ್ಳಬೇಕಾಗಿದ್ದೇನು ಎಂದು ಆಗ ನಾವು ಬೇರ್ಪಡಿಸಿ ನೋಡಲಿಲ್ಲ. ಬಿಡಬೇಕಾಗಿದ್ದದ್ದು ನೆಲಕ್ಕೆ ಹಾಕಿದ ನೋಟನ್ನು. ಬೆನ್ನು ಬಾಗುವ ವಿದ್ಯೆಯನ್ನಲ್ಲ. ಮುಂದೆ ಮೆರವಣಿಗೆಗಳಲ್ಲಿ ನಮ್ಮ ಹುಡುಗರೇ ತಮಟೆ ಹಿಡಿದರು. 2023ರಲ್ಲಿ ಚಿಕ್ಕಬಳ್ಳಾಪುರ ಸೀಮೆಯ ಮುನಿವೆಂಕಟಪ್ಪನವರ ತಮಟೆಗೆ ಪದ್ಮಶ್ರೀ ಬಂತು. ಅಪ್ಪ ಆ ಸುದ್ದಿ ಓದಿಸಿ ಕೇಳಿ, "ಕೈಗೆ ಕೊಟ್ರಾ?" ಅಂದ. ಹೌದಪ್ಪ, ರಾಷ್ಟ್ರಪತಿ ಭವನದಲ್ಲಿ ಕೊಡೋದು ಕೈಗೇ ಅಂದೆ. "ಹಂಗಾದ್ರೆ ಸರಿ" ಅಂದ.

ಟೀವಿಯ ಕುಣಿತವನ್ನು ಅಳೆಯಲು ನನಗೆ ಸಿಕ್ಕ ಅಳತೆಗೋಲು ಈ ಪ್ರಶ್ನೆಯೇ. ಕೈಗೆ ಕೊಟ್ಟರೋ, ನೆಲಕ್ಕೆ ಹಾಕಿದರೋ? ಮೈಯ ವಿದ್ಯೆಯನ್ನು ವಿದ್ಯೆ ಎಂದು ಒಪ್ಪಿ ಅಂಕ ಕೊಟ್ಟರೆ ಅದು ಕೈಗೆ ಕೊಟ್ಟದ್ದು. ಕಣ್ಣೀರಿಗೆ, ಕೊಳೆಗೇರಿಗೆ ಅಂಕ ಕೊಟ್ಟರೆ ಅದು ಹೊಳೆಯುವ ಕಾಗದವಾದರೂ ನೆಲಕ್ಕೆ ಹಾಕಿದ್ದೇ. ಒಂದೇ ಕಾರ್ಯಕ್ರಮದಲ್ಲಿ, ಒಂದೇ ರಾತ್ರಿಯಲ್ಲಿ ಎರಡೂ ನಡೆಯುತ್ತವೆ. ಯಾವುದು ಯಾವುದೆಂದು ಬಿಡಿಸಿ ತೋರಿಸುವುದು ನಮ್ಮ ವಿಮರ್ಶೆಯ ಕೆಲಸ. ಹುಡುಗರನ್ನು ಮಾರಿಕೊಂಡವರು ಎಂದು ಬೈಯುವುದು ಸುಲಭ. ಅವರು ಮೈಯಲ್ಲಿ ಕಟ್ಟಿದ್ದನ್ನು ಓದುವುದು ಕಷ್ಟ.

8

ಕಳೆದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ನಮ್ಮ ಹಟ್ಟಿಯ ಏಳೆಂಟು ಹುಡುಗರು ಯಾರೋ ಮನೆ ಕಟ್ಟಲು ತರಿಸಿದ್ದ ಮರಳಿನ ಗುಡ್ಡೆ ಮೇಲೆ ಒಬ್ಬನನ್ನು ಎಸೆದು ಹಿಡಿಯುವುದನ್ನು ಕಲಿಯುತ್ತಿದ್ದರು. ಮೊಬೈಲನ್ನು ಕಲ್ಲಿಗೆ ಒರಗಿಸಿ ಇಟ್ಟಿದ್ದರು. ಮರಳಿನ ಯಜಮಾನ ಬಂದು ಬೈದು ಓಡಿಸಿದ. ಹುಡುಗರು ಕಣದ ಗಟ್ಟಿ ನೆಲಕ್ಕೆ ಹೋದರು. ಆ ಹುಡುಗಿಯೂ ಅಲ್ಲಿದ್ದಳು. ಅವಳು ಎಸೆಯುವವರ ಸಾಲಿನಲ್ಲಿ ನಿಂತಿದ್ದಳು. ಅವಳ ಅಪ್ಪ ದೂರದಿಂದ ನೋಡಿಯೂ ನೋಡದವನ ಹಾಗೆ ಹೋದ.

ನಮ್ಮಪ್ಪ ಎದ್ದು ಹೋಗಿ ಬಣವೆಯಿಂದ ಒಂದು ಹೊರೆ ಹುಲ್ಲು ತಂದು ಕಣದ ಮೇಲೆ ಹರಡಿದ. ಆಮೇಲೆ ಹುಡುಗರ ಕೈಗಳನ್ನು ಒಂದೊಂದಾಗಿ ಹಿಡಿದು, ಹೇಗೆ ಹೆಣೆಯಬೇಕು, ಮೊಣಕೈ ಎಲ್ಲಿರಬೇಕು ಎಂದು ತೋರಿಸುತ್ತಾ ನಿಂತ. ಎಸೆಯುವುದನ್ನು ಮಾತ್ರ ಅವತ್ತು ಮಾಡಿಸಲಿಲ್ಲ. "ಮೊದ್ಲು ಹಿಡಿಯೋದು ಕಲೀರಿ" ಅಂದ.